ಹೆಗಲ ಮೇಲಿನ ಮೇಕೆ

ರಾಜಾಜಿನಗರ, ಬೆಂಗಳೂರು
18-9-1975

ಚಿ. ಕೋಕಿಲಾಳಿಗೆ ನಿನ್ನ ನಾಣಿ ಮಾವ ಮಾಡುವ ಆಶೀರ್ವಾದಗಳು.

ಮಾಗಡಿ ರಸ್ತೆಯಿಂದ ಈಚೆಗೆ ನನ್ನನ್ನು ಕೇಳದೆ ಯಾರೂ ಒಂದು ಇಟ್ಟಿಗೆ ಇಡುವುದಿಲ್ಲ. ಮೊನ್ನೆ ದೊಡ್ಡ ಎಂಜಿನಿಯರೊಬ್ಬರು ಕಾರು ನಿಲ್ಲಿಸಿ, ರಾಯರೇ, ಹೊಸ ರಸ್ತೆ ಎಡಕ್ಕೆ ತಿರುಗಿಸಲೋ ಬಲಕ್ಕೋ ಅಂತ ಕೇಳಿದರು. ಎಡಕ್ಕೆ ಅಂದೆ. ಎಡಕ್ಕೇ ತಿರುಗಿದೆ, ಬಂದಾಗ ನೋಡು.

ಬಂದಾಗ ಅಂದೆನಲ್ಲ, ಅದಕ್ಕೇ ಈ ಕಾಗದ. ದಸರಾ ರಜಕ್ಕೆ ಅಮ್ಮನನ್ನು ಕರೆದುಕೊಂಡು ಸೈಟು ನೋಡಲು ಬರುತ್ತೇನೆ ಅಂತ ಬರೆದಿದ್ದೀಯ. ಸೈಟು ಕೊಳ್ಳಲು ನೀನು ನನಗೆ ಕಳಿಸಿದ್ದು ತಿಪಟೂರಿನಲ್ಲಿ ಐದು ವರ್ಷ ಮಕ್ಕಳಿಗೆ ಪಾಠ ಹೇಳಿ ಉಳಿಸಿದ ದುಡ್ಡು, ಅದರ ಜೊತೆಗೆ ನಿನ್ನಮ್ಮ ಸತ್ಯವತಿ ಅಕ್ಕನ ಕೊರಳಿನ ಅಡ್ಡಿಕೆ ಮಾರಿದ್ದು. ಬಾಡಿಗೆ ಮನೆಯವರ ಅಪ್ಪಣೆ ಕೇಳದೆ ಅಮ್ಮ ಒಂದು ತುಳಸಿಕಟ್ಟೆ ಕಟ್ಟಿಕೊಳ್ಳಲಿ ಅಂತ ನಿನ್ನ ಆಸೆ. ಎಲ್ಲ ಗೊತ್ತು. ಗೊತ್ತಿದ್ದೇ ಮೂರು ದಿನದಿಂದ ಬರೆದು ಬರೆದು ಹರಿಯುತ್ತಿದ್ದೇನೆ.

ನೀನು ಚಿಕ್ಕವಳಿದ್ದಾಗ ಜಗಲಿಯ ಮೇಲೆ ನಾನು ಹೇಳುತ್ತಿದ್ದ ಕಥೆ ನೆನಪಿದೆಯಾ? ಹಾರುವನೊಬ್ಬ ಮೇಕೆ ಹೊತ್ತುಕೊಂಡು ಹೋಗುತ್ತಾನೆ. ಮೂವರು ಕಳ್ಳರು ಮಾತಾಡಿಕೊಂಡು, ದಾರಿಯಲ್ಲಿ ಒಬ್ಬೊಬ್ಬರಾಗಿ ಎದುರು ಬಂದು, ಇದೇನು ಸ್ವಾಮಿ ನಾಯಿ ಹೊತ್ತಿದ್ದೀರಿ ಅನ್ನುತ್ತಾರೆ. ಮೂರನೆಯವನೂ ಅಂದಮೇಲೆ ಆ ಪೆದ್ದ ಮೇಕೆ ಬಿಸಾಕಿ ಓಡುತ್ತಾನೆ. ಮೂರು ಜನ ಒಂದೇ ಮಾತು ಹೇಳಿದರೆ ಮೇಕೆ ಇನ್ನೂ ಬಿಗಿಯಾಗಿ ಹಿಡಿ ಅಂತ ನಾನು ಮೀಸೆ ತಿರುವುತ್ತಿದ್ದೆ. ಹಳ್ಳಿ ಮೇಷ್ಟ್ರು ನಾಲ್ಕು ವರ್ಷ ಕಲಿಸಿದ್ದೆಲ್ಲ ಮರೆತುಹೋಯಿತು. ಆ ಹಾಳು ಕಥೆ ಮಾತ್ರ ಉಳಿಯಿತು.

ಸೈಟು ತೋರಿಸಿದವನು ಕೃಷ್ಣಪ್ಪ, ಹಳೇ ಊರಿನ ಜಮೀನುದಾರ. ಚೈತ್ರದ ಬಿಸಿಲು, ನೆಲ ಬಿರುಕು ಬಿಟ್ಟು ಒಣಗಿತ್ತು. ಈ ಜಾಗಕ್ಕೆ ಬೇಕಾದಷ್ಟು ಜನ ಕಣ್ಣು ಹಾಕವ್ರೆ ಸಾಮಿ, ಇಲ್ಲದ್ದೆಲ್ಲ ಹೇಳ್ತಾರೆ, ಕಿವಿಗೆ ಹಾಕ್ಕೋಬೇಡಿ ಅಂದ.

ಮಾರನೇ ದಿನ ಹಾಲಿನ ಹನುಮಕ್ಕ, ಅಯ್ಯೋ ಬುದ್ಧೀ, ಅದು ಕೆರೆ ಅಂಗಳ, ನಮ್ಮೆಮ್ಮೆ ಈಜು ಕಲ್ತಿದ್ದೇ ಅಲ್ಲಿ ಅಂದಳು. ಒಂದು ಅಂತ ಬೆರಳು ಮಡಿಸಿದೆ. ಟೀ ಅಂಗಡಿ ಚಿಕ್ಕಣ್ಣ, ಸಾರ್, ಮನೆಗೆ ಮುಂಚೆ ಒಂದು ದೋಣಿ ಮಾಡಿಸಿ ಅಂದ. ಎರಡು. ಮೂರನೆಯವಳು ಯಾರು ಗೊತ್ತಾ? ನಿನ್ನ ಅತ್ತೆ ಅನಂತಲಕ್ಷ್ಮಿ. ರೀ, ಆ ಹುಡುಗಿ ಬೆವರಿನ ದುಡ್ಡು ಕಣ್ರೀ, ಮಳೆ ಬರೋವರೆಗಾದ್ರೂ ಕಾಯ್ರೀ ಅಂತ ಕೈ ಹಿಡಿದುಕೊಂಡಳು. ನಾನು ಗಹಗಹಿಸಿ ನಕ್ಕೆ ಕಣೇ. ಸಿಕ್ಕಿಬಿದ್ದಿರಿ ಕಳ್ಳರಾ ಅಂದೆ. ಹನುಮಕ್ಕ ನಿನಗೆ ದಿನಾ ಅರ್ಧ ಪಾವು ಹಾಲು ಜಾಸ್ತಿ ಹಾಕೋದು ಇದಕ್ಕೇನಾ ಅಂತ ಕೇಳಿದೆ. ಇಪ್ಪತ್ತೆರಡು ವರ್ಷ ಜೊತೆಗಿದ್ದವಳನ್ನು ಕೇಳಿದೆ. ಅವತ್ತಿನಿಂದ ಅವಳು ತಟ್ಟೆ ಹಾಕಿ, ಊಟ ಆಗಿದೆ ಅಂತ ಗೋಡೆಗೆ ಹೇಳಿ ಒಳಗೆ ಹೋಗುತ್ತಾಳೆ.

ಇನ್ನೊಂದು ಹೇಳಬೇಕು. ಹುಡುಗನಾಗಿದ್ದಾಗ ಬೇಸಿಗೆ ಬೇಸಿಗೆಗೂ ಬತ್ತಿದ ಕೆರೆಯ ಹೂಳು, ಆ ಕೆರೆಗೋಡು ಹೊತ್ತು ಹೊಲಕ್ಕೆ ಹಾಕಿದ ಭುಜ ಇದು. ಆ ಸೈಟಿನಲ್ಲಿ ಚಪ್ಪಲಿ ಬಿಟ್ಟು ನಿಂತಾಗಲೇ ಇದು ಕೆರೆ ಮಣ್ಣು ಅಂತ ಅಂಗಾಲಿಗೆ ತಿಳಿದಿತ್ತು. ಬಸವನಹುಳುವಿನ ಚಿಪ್ಪು ಕಾಲಿಗೆ ಚುಚ್ಚಿತ್ತು. ಅದನ್ನು ಕಿತ್ತೆಸೆದು, ನೆಲ ಎಷ್ಟು ನುಣುಪು ಅಂತ ಕೃಷ್ಣಪ್ಪನಿಗೆ ನಾನೇ ಹೇಳಿದೆ.

ಹೋದ ವಾರ ಎರಡು ರಾತ್ರಿ ಮಳೆ ಸುರಿಯಿತು. ಬೆಳಿಗ್ಗೆ ಹೋದೆ. ಕಲ್ಲು ನೆಟ್ಟ ಗುರುತೂ ಇಲ್ಲ. ಹನುಮಕ್ಕನ ಎಮ್ಮೆ ಕುತ್ತಿಗೆವರೆಗೆ ಮುಳುಗಿ, ನಿನ್ನ ಅಡುಗೆಮನೆ ಬರಬೇಕಾದ ಕಡೆ ಮೆಲುಕು ಹಾಕುತ್ತಿತ್ತು. ನಾನು ನೆಡಿಸಿದ್ದ ಬೋರ್ಡು ದಡಕ್ಕೆ ಬಂದು ಬಿದ್ದಿತ್ತು. ಅದರಲ್ಲಿ ಇದ್ದದ್ದು ನಿನ್ನ ಹೆಸರಲ್ಲ, ಎನ್. ನಾರಾಯಣರಾವ್ ಅಂತ. ನಾಲ್ಕು ಜನ ನೋಡಲಿ ಅಂತ ಬರೆಸಿದ್ದೆ. ಕೃಷ್ಣಪ್ಪನ ಮನೆಗೆ ಹೋದರೆ, ನೀರಿಳಿದ ಮೇಲೆ ಜಾಗ ನಿಮ್ದೇ ಅಲ್ವಾ ಸಾಮಿ, ಎಲ್ಲಿಗೋಗುತ್ತೆ ಅಂತ ಕಾಫಿ ಕೊಟ್ಟ. ಕುಡಿದು ಬಂದೆ.

ಗಾಬರಿಯಾಗಬೇಡ. ಕೊಟ್ಟಿದ್ದು ಐನೂರು ಮುಂಗಡ ಮಾತ್ರ. ಮಿಕ್ಕಿದ್ದು ಪೋಸ್ಟಾಫೀಸಿನಲ್ಲಿ ಭದ್ರವಾಗಿದೆ.

ಏಳು ವರ್ಷದವಳಿದ್ದಾಗ ನೀನು ಆ ಕಥೆ ಕೇಳಿ, ಮಾವ, ಅದು ನಿಜವಾಗಿ ನಾಯಿಯೇ ಆಗಿದ್ದರೆ ಅಂತ ಕೇಳಿದ್ದೆ. ಅಧಿಕಪ್ರಸಂಗಿ ಅಂತ ತಲೆಗೆ ಮೊಟಕಿದ್ದೆ. ನಿನ್ನ ಕ್ಲಾಸಿನಲ್ಲಿ ಯಾವ ಹುಡುಗಿಯಾದರೂ ಹಾಗೆ ಕೇಳಿದರೆ ಮೊಟಕಬೇಡ. ಕೂರಿಸಿಕೊಂಡು, ಆಮೇಲೇನಾಯಿತು ಅಂತ ಅವಳನ್ನೇ ಕೇಳು.

ಅಮ್ಮನಿಗೆ ನಮಸ್ಕಾರ. ಅವಳಿಗೆ ಇದನ್ನು ಓದಿ ಹೇಳಬೇಡ.

ಇಂತಿ,
ನಿನ್ನ ಮಾವ
ನಾಣಿ

ತಾ.ಕ.: ಲಕೋಟೆ ಅಂಟಿಸಲು ಗೋಂದು ಕೇಳಿದೆ. ನಿನ್ನ ಅತ್ತೆ ಕಾಗದ ಇಸಿದುಕೊಂಡು ಪೂರ್ತಿ ಓದಿದಳು. ಐದು ತಿಂಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿ, ಐನೂರಾ ಅಂತ ಒಂದೇ ಮಾತು ಕೇಳಿದಳು. ಪೋಸ್ಟಾಫೀಸಿನಲ್ಲಿ ಏನೂ ಇಲ್ಲ ಕೋಕಿಲಾ. ಜಾಗ ಬೇರೆಯವರ ಪಾಲಾಗುತ್ತದೆ ಅಂತ ಮೂರನೆಯವಳ ಮಾತು ಮುಗಿದ ಮಧ್ಯಾಹ್ನವೇ ಕೃಷ್ಣಪ್ಪನಿಗೆ ಎಣಿಸಿಕೊಟ್ಟೆ. ನೀನು ಕಳಿಸಿದ್ದೆಷ್ಟೋ ಅಷ್ಟೂ. ನಾಲ್ಕು ಸಾವಿರದ ಇನ್ನೂರು ರೂಪಾಯಿ.