ಬಳಗಾನೂರಿನ ಕಿರುಸೇತುವೆ ಮತ್ತು ನಲವತ್ತೊಂದು ನವಿಲುಗಳು

ಕಾಲುವೆ ಕಾಮಗಾರಿಗಳ ನಕ್ಷೆಗೆ ಸಹಿ ಹಾಕುವ ಮೇಲಿನ ಕಚೇರಿಯ ಮಾನ್ಯರೇ,

ನಮ್ಮ ಸಿಂಧನೂರು ಕಚೇರಿಯ ಕಂಪ್ಯೂಟರಿನಲ್ಲಿ ಒಂದು ನಕ್ಷೆ ತೆರೆದುಕೊಳ್ಳಲು ಐವತ್ತು ನಿಮಿಷ ಬೇಕು. ಒಂದು ಗೆರೆ ಎಳೆದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ನಾನು ಎದುರಿನ ಹೋಟೆಲಿಗೆ ಹೋಗಿ ಒಗ್ಗರಣೆ ಮಿರ್ಚಿ ತಿಂದು ಬರಬಹುದು, ಬಂದೂ ಇದ್ದೇನೆ. ಈ ಬಗ್ಗೆ ತಮಗೆ ಆರು ಪತ್ರ ಬರೆದೆವು. ತಾವು ಕೈಕಟ್ಟಿ ಕೂತಿರಿ ಎಂದು ನಾನು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ತಾವು ಒಬ್ಬ ತಂತ್ರಜ್ಞರನ್ನು ಕಳಿಸಿದಿರಿ. ಅವರು ಬಂದು ಕಂಪ್ಯೂಟರಿನ ಧೂಳು ಊದಿ, ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ದಾಸ್ತಾನು ಸಂಖ್ಯೆ ಬರೆದು, ಚಹಾ ಕುಡಿದು ಹೋದರು. ಅಂದಿನಿಂದ ಅದು ಸಂಖ್ಯೆಯುಳ್ಳ ನಿಧಾನದ ಕಂಪ್ಯೂಟರ್ ಆಗಿದೆ.

ಆಮೇಲೆ ತಮ್ಮ ಸುತ್ತೋಲೆ ಬಂತು. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಕಚೇರಿಗಳು ಒಟ್ಟಿಗೆ ನಕ್ಷೆ ತೆರೆಯುವುದರಿಂದ ಭಾರವಾಗುತ್ತಿದೆ, ಆದ್ದರಿಂದ ಸರದಿಯ ಪ್ರಕಾರ ತೆರೆಯತಕ್ಕದ್ದು ಎಂದು ಅಪ್ಪಣೆಯಾಯಿತು. ನಮಗೆ ಸೋಮವಾರ, ಲಿಂಗಸುಗೂರಿಗೆ ಮಂಗಳವಾರ, ಮಸ್ಕಿಗೆ ಬುಧವಾರ. ಗುರುವಾರ ಯಾರಿಗೆ ಎಂದು ಕೇಳಿದ್ದಕ್ಕೆ ಇವತ್ತಿಗೂ ಉತ್ತರವಿಲ್ಲ. ಮೂರು ಊರುಗಳ ಮೂರು ಕಂಪ್ಯೂಟರುಗಳ ನಡುವೆ ಒಂದು ತಂತಿಯ ಸಂಬಂಧವೂ ಇಲ್ಲ ಎಂಬುದು ತಮಗೆ ಗೊತ್ತಿಲ್ಲವೋ, ಅಥವಾ ಗೊತ್ತಿದ್ದೂ ನಮ್ಮಲ್ಲಿ ಶಿಸ್ತು ಬೆಳೆಯಲಿ ಎಂಬ ಸದುದ್ದೇಶವೋ?

ನಾನು ಹೊರಗುತ್ತಿಗೆಯ ನೌಕರಳು. ನಕ್ಷೆ ಬರೆಯುವುದಷ್ಟೇ ನನ್ನ ಕೆಲಸ, ರೋಗ ಹುಡುಕುವುದಲ್ಲ. ಆದರೂ ಒಂದು ಸೋಮವಾರ, ನಕ್ಷೆ ತೆರೆದುಕೊಂಡ ಮೇಲೆ, ನಾನು ಬರೆಯುತ್ತಿದ್ದ ಬಳಗಾನೂರಿನ ಕಿರುಸೇತುವೆಯನ್ನು ಬಿಟ್ಟು ಪರದೆಯಲ್ಲಿ ದೂರ ದೂರ ಸರಿಯುತ್ತಾ ಹೋದೆ. ಏನಿದೆ ಅಲ್ಲಿ ಅಂತೀರಿ! ಹದಿಮೂರು ವರ್ಷಗಳಿಂದ ಮೂರು ತಾಲೂಕುಗಳಲ್ಲಿ ಬರೆದ ಎಲ್ಲ ತೂಬು, ಎಲ್ಲ ಮೋರಿ, ಯಾರದೋ ಗೃಹಪ್ರವೇಶದ ಆಮಂತ್ರಣದ ಅಂಚಿನ ಬಳ್ಳಿ, ಮುದಗಲ್ ಕಡೆಯ ಒಂದು ಅತಿಥಿಗೃಹದ ಗೇಟು, ಆ ಗೇಟಿನ ಮೇಲೊಂದು ಗರಿಬಿಚ್ಚಿದ ನವಿಲು. ಒಂದೊಂದು ಗರಿಗೂ ಇನ್ನೂರು ಗೆರೆ. ಅಂಥ ನವಿಲು ಒಂದಲ್ಲ, ಎಣಿಸಿದೆ, ನಲವತ್ತೊಂದು.

ಲಿಂಗಸುಗೂರು ಕಚೇರಿಯ ಹಿರಿಯ ನಕ್ಷೆಗಾರ ವೆಂಕೋಬಣ್ಣನಿಗೆ ಫೋನು ಮಾಡಿದೆ. "ಅದು ತಾಯಿ ಫೈಲ್ ಅವ್ವಾ," ಎಂದರು. "ಮ್ಯಾಲಿನವ್ರು ಮಂಜೂರು ಮಾಡಿದ್ದು ಅದೊಂದಽ, ಪೆನ್‌ಡ್ರೈವಿನ್ಯಾಗ ಮೂರೂ ಆಫೀಸಿಗೆ ತಿರಗತದ. ಹೊಸಾದು ಬೇಕಾದ್ರ ಹಿಂದಿಂದು ಇಡೀದು ನಕಲು ಹೊಡದು, ಬಾಜೂಕ ಅಂಟಿಸಿ, ಅದರ ಮ್ಯಾಲೆ ತಿದ್ದತೀವಿ."

"ಹಳೇದು ಅಳಿಸಿದ್ರ ಏನಾಗ್ತದಣ್ಣಾ?"

"ಅಳಿಸಬ್ಯಾಡ! ಆಡಿಟಿನವ್ರು ಬಂದು ನವಿಲು ಎಲ್ಲಿ ಹೋತು ಅಂದ್ರ ಯಾರು ಜವಾಬು ಕೊಡಾಕಿ, ನೀ ಕೊಡ್ತೀ?"

ವೆಂಕೋಬಣ್ಣನನ್ನು ನೋಡಿ ನಾನು ನಗುವುದಿಲ್ಲ. ಅವರ ಭಯಕ್ಕೆ ಕಾರಣ ತಮ್ಮದೇ ಹಳೆಯ ಆದೇಶ: ಅನುಮೋದಿತ ಮೂಲ ಕಡತದಲ್ಲಿಯೇ ನಕ್ಷೆ ರಚಿಸತಕ್ಕದ್ದು, ಲಿಖಿತ ಅನುಮತಿಯಿಲ್ಲದೆ ಏನನ್ನೂ ತೆಗೆದುಹಾಕತಕ್ಕದ್ದಲ್ಲ. ಹೀಗೆ ಸರ್ಕಾರಿ ರಕ್ಷಣೆಯಲ್ಲಿ ನವಿಲುಗಳು ಸುಖವಾಗಿ ಮರಿ ಮಾಡಿವೆ.

ನಾನು ಒಂದನ್ನೂ ಮುಟ್ಟಲಿಲ್ಲ. ಖಾಲಿ ಕಡತವೊಂದನ್ನು ತೆರೆದು, ಬಳಗಾನೂರಿನ ಕಿರುಸೇತುವೆಯನ್ನು ಮಾತ್ರ ಅದರಲ್ಲಿ ಬರೆದೆ. ಅದೇ ಕಂಪ್ಯೂಟರ್, ಅದೇ ದಾಸ್ತಾನು ಸಂಖ್ಯೆ. ಕಣ್ಣು ಮಿಟುಕಿಸುವುದರಲ್ಲಿ ತೆರೆದುಕೊಂಡಿತು! ಖುಷಿಯಿಂದ ತಮಗೆ ಕಳಿಸಿದೆ. ತಾವು ವಾಪಸು ಕಳಿಸಿದಿರಿ. ಷರಾ ಹೀಗಿತ್ತು: "ಕಡತದ ಗಾತ್ರವು ಅನುಮಾನಾಸ್ಪದವಾಗಿ ಚಿಕ್ಕದಿರುತ್ತದೆ. ಮೂಲ ಕಡತದಲ್ಲಿ ಸಲ್ಲಿಸುವುದು." ಸರಿ, ನವಿಲುಗಳ ಸಮೇತ ಸಲ್ಲಿಸಿದೆ. ಹನ್ನೆರಡು ದಿನದ ಮೇಲೆ ಅದೂ ವಾಪಸು ಬಂತು: "ಕಡತವು ಈ ಕಚೇರಿಯಲ್ಲಿ ತೆರೆಯುತ್ತಿಲ್ಲ. ನಕ್ಷೆ ಸ್ವೀಕೃತವಾಗಿಲ್ಲವೆಂದು ಪರಿಗಣಿಸಲಾಗಿದೆ." ಮಾನ್ಯರೇ, ತೆರೆಯುವುದನ್ನು ತಾವು ಒಪ್ಪುವುದಿಲ್ಲ, ಒಪ್ಪುವುದು ತಮ್ಮಲ್ಲಿ ತೆರೆಯುವುದಿಲ್ಲ. ನಾನು ಯಾವುದನ್ನು ಕಳಿಸಲಿ?

ಇಷ್ಟೇ ಆಗಿದ್ದರೆ ಊರಿನವರೊಂದಿಗೆ ಹೇಳಿಕೊಂಡು ನಕ್ಕು ಸುಮ್ಮನಿರುತ್ತಿದ್ದೆ. ಆದರೆ ನನ್ನನ್ನು ಸಾಕಿದ ದೊಡ್ಡವ್ವ ಪೀರಮ್ಮ ಇರುವುದು ಬಳಗಾನೂರಿನಲ್ಲಿ. ಕಾಲುವೆಯ ಆಚೆ ಗದ್ದೆ, ಈಚೆ ಊರು. ನಡುವೆ ದಾಟಲು ಅಡ್ಡ ಹಾಕಿದ ಒಂದು ಹಳೆಯ ಕರೆಂಟು ಕಂಬ. ನಾಟಿಗೆ ಹೋಗುವ ಹೆಂಗಸರೆಲ್ಲ ಅದರ ಮೇಲೆಯೇ ಹೋಗಿ ಬರಬೇಕು. ಹೋದ ವರ್ಷ ಕಾಲುವೆ ತುಂಬಿ ಹರಿಯುವಾಗ ದೊಡ್ಡವ್ವ ಹುಲ್ಲಿನ ಹೊರೆಯೊಂದಿಗೆ ಜಾರಿಬಿದ್ದಳು. ಜೊತೆಗಿದ್ದವರು ಸೀರೆ ಎಸೆದು ಎಳೆದುಕೊಂಡರು. ಜೀವ ಉಳಿಯಿತು, ಬಲಗೈ ಮಾತ್ರ ಭುಜದಿಂದ ಮೇಲೇಳುವುದಿಲ್ಲ. ತನ್ನ ತುರುಬು ತಾನು ಕಟ್ಟಿಕೊಳ್ಳಲಾರಳು. ಆದರೂ ಕೂಲಿಗೆ ಹೋಗುತ್ತಾಳೆ, ಅದೇ ಕಂಬದ ಮೇಲೆ.

ಸೇತುವೆ ಮಂಜೂರಾಗಿದೆ. ಅದರ ಅಡಿಗೆ ಹಾಕುವ ಆಳೆತ್ತರದ ಸಿಮೆಂಟು ಕೊಳವೆಗಳು ಬಂದು ದಂಡೆಯ ಮೇಲೆ ಬಿದ್ದಿವೆ. ತಮ್ಮ ಸಹಿಯುಳ್ಳ ನಕ್ಷೆಯಿಲ್ಲದೆ ಗುತ್ತಿಗೆದಾರ ಗುದ್ದಲಿ ಎತ್ತುವುದಿಲ್ಲ. ಕಾಲುವೆ ಒಣಗಿರುವಾಗ ಮಾತ್ರ ಈ ಕೆಲಸ ಸಾಧ್ಯ. ಜುಲೈನಲ್ಲಿ ನೀರು ಬಿಟ್ಟರೆ ಮುಂದಿನ ಬೇಸಿಗೆಯವರೆಗೆ ಮುಗಿಯಿತು. ಮೊನ್ನೆ ಊರಿಗೆ ಹೋದಾಗ ದೊಡ್ಡವ್ವ ಒಂದು ಕೊಳವೆಯ ನೆರಳಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಳು. "ಅಮರೇಶೀ, ನಕ್ಷಾ ಬರಿಯಾಕಿ ನೀನಽ ಅಂತಲ್ಲವ್ವಾ. ನೀನಽ ತಡಾ ಮಾಡಾಕತ್ತೀಯಂತ ಮಂದಿ ಅಂತಾರ. ಹೌದನು?" ಎಂದಳು. ನವಿಲಿನ ಕತೆ ಹೇಳಿದೆ. ಅವಳು ನಗಲಿಲ್ಲ. "ನೀರು ಬಿಡೂದ್ರೊಳಗ ಬರೀತೀಯಿಲ್ಲವ್ವಾ?" ಎಂದಷ್ಟೇ ಕೇಳಿದಳು. ನನಗೆ ನಾಚಿಕೆಯಾಯಿತು. ವಾಪಸು ಬರುವ ಬಸ್ಸಿನಲ್ಲಿ ಆ ನಾಚಿಕೆ ನನ್ನದಲ್ಲ, ತಮ್ಮದು ಎಂದು ಹೊಳೆದು ಸಿಟ್ಟು ಬಂತು. ಅದಕ್ಕೇ ಈ ಪತ್ರ, ಒಂದು ಪ್ರತಿ ತಮಗೆ, ಒಂದು ಪತ್ರಿಕೆಗೆ.

ಮೂರೂ ಕಚೇರಿಗಳಿಗೆ ಖಾಲಿ ಕಡತದಲ್ಲಿ ನಕ್ಷೆ ಬರೆಯಲು ಒಂದು ಸಾಲಿನ ಲಿಖಿತ ಅನುಮತಿ ಕೊಡಿ. ಹೊಸ ಕಂಪ್ಯೂಟರ್ ಬೇಡ, ಧೂಳು ಊದುವವರೂ ಬೇಡ. ಅದು ತಡವಾಗುವುದಾದರೆ ಇರಲಿ ಎಂದು ಈ ಪತ್ರದ ಜೊತೆ ಸೇತುವೆಯ ನಕ್ಷೆಯನ್ನು ಕಾಗದದ ಮೇಲೆ ಮುದ್ರಿಸಿ ಕಳಿಸಿದ್ದೇನೆ. ಕಾಗದ ಬಿಚ್ಚಲು ಎರಡು ಕೈ ಸಾಕು, ಸಹಿ ಮಾಡಲು ಒಂದು. ಮಾಡುವುದಿಲ್ಲವೆಂದಾದರೆ ಅದನ್ನಾದರೂ ಅದರ ಮೇಲೆಯೇ ಬರೆದು, ತಮ್ಮ ಹೆಸರು ಹುದ್ದೆ ಸಮೇತ ವಾಪಸು ಕಳಿಸಿ. ಬಳಗಾನೂರಿಗೆ ಒಯ್ದು, ಕಂಬ ದಾಟಲು ಸಾಲಾಗಿ ನಿಂತ ಹೆಂಗಸರಿಗೆ ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅವರಿಗೆ ಓದಲು ಬರುವುದಿಲ್ಲ. ಹೆಸರು ಮರೆಯುವುದೂ ಬರುವುದಿಲ್ಲ.

ಇಂತಿ,
ಒಂದೇ ಸೇತುವೆಯನ್ನು ಮೂರು ಸಲ ಬರೆದು ಒಂದು ಸಲವೂ ದಾಟದ,
ಈ ಪತ್ರ ಅಚ್ಚಾಗುವವರೆಗೆ ಮಾತ್ರ ನೌಕರಿಯಲ್ಲಿರಬಹುದಾದ
ಅಮರೇಶ್ವರಿ, ಸಿಂಧನೂರು