ಮುಯ್ಯಿ ದಿನಗಳು

ಫೆಬ್ರವರಿ 3, ಸೋಮವಾರ. ಬೆಳಗ್ಗೆ 7.10

ಗುಬ್ಬಿ ರೈಲು ಇವತ್ತೂ ಲೇಟು. ತುಮಕೂರು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೊದಲ ಪೀರಿಯಡ್ಡು ವಿಜಯನಗರದ ಪತನ. ಬ್ಯಾಗಿನಲ್ಲಿ ಸ್ಕ್ಯಾನ್ ರಿಪೋರ್ಟು. ಗರ್ಭಕೋಶ ತೆಗೆಯಲೇಬೇಕಂತೆ. ತೆಗೆಯಲಿ. ತಲೆಕೆಟ್ಟದ್ದು ಡಾಕ್ಟರು ಆಮೇಲೆ ಕೇಳಿದ ಪ್ರಶ್ನೆಗೆ — ಜೊತೆಗೆ ಯಾರಿರುತ್ತಾರೆ?

ನಲವತ್ತೇಳು ವರ್ಷ. ಮದುವೆ ಇಲ್ಲ. ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕಿ. ಪ್ರತಿ ಬೇಸಿಗೆಗೂ ಕೆಲಸ ಹೋಗುತ್ತದೆ, ಮತ್ತೆ ಅರ್ಜಿ, ಮತ್ತೆ ಕ್ಯೂ. ಇಂಥವಳ ಜೊತೆ ಯಾರಿರುತ್ತಾರೆ ಡಾಕ್ಟ್ರೇ, ನೀವೇ ಹೇಳಿ.

ಫೆಬ್ರವರಿ 6. ಸಂಜೆ

ಕುಣಿಗಲ್‌ನಲ್ಲಿರುವ ತಮ್ಮ ನಾಗಭೂಷಣನಿಗೆ ಫೋನ್ ಮಾಡಿದೆ. ಫ್ಯಾಕ್ಟರಿಯಲ್ಲಿ ಅವನ ಕಾಂಟ್ರ್ಯಾಕ್ಟ್ ರಿನ್ಯೂ ಆಗಿಲ್ಲ. ದಿನಾ ಕೆಲಸ ಹುಡುಕಿ ಅಲೆಯುತ್ತಿದ್ದಾನೆ. "ನೋಡೋಣ ಅಕ್ಕ" ಎಂದ. ನಮ್ಮ ಮನೆಯಲ್ಲಿ ನೋಡೋಣ ಅಂದರೆ ಆಗಲ್ಲ ಅಂತಲೇ. ಬೈಯಲು ಮನಸ್ಸು ಬರಲಿಲ್ಲ. ಫೋನ್ ಇಟ್ಟ ಮೇಲೆ ಅತ್ತುಬಿಟ್ಟೆ, ಸ್ವಲ್ಪ.

ಫೆಬ್ರವರಿ 9, ಭಾನುವಾರ

ಕೆಳಗಿನ ಮನೆಯ ಓನರ್ ರಂಗಲಕ್ಷ್ಮಮ್ಮನವರಿಗೆ ಹೇಗೋ ಗೊತ್ತಾಗಿದೆ. ಹೆಬ್ಬೂರಿನ ಕಡೆಯವರು. ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿ, ಅರವತ್ತಕ್ಕೆ ಒಂದು ಶಾಲು ಹೊದಿಸಿಕೊಂಡು ಮನೆಗೆ ಬಂದವರು. ಪೆನ್ಶನ್ ಇಲ್ಲ, ಗಂಡ ಇಲ್ಲ, ಮಕ್ಕಳಾಗಲಿಲ್ಲ. ನನ್ನನ್ನು ಏನೂ ಕೇಳಲಿಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿ, ಪೆನ್ನು ಹಿಡಿದು, ಆಪರೇಷನ್ ಯಾವತ್ತು ಅಂದರು.

ಕ್ಯಾಲೆಂಡರ್ ತುಂಬ ಹೆಸರುಗಳು. ನಮ್ಮ ಬೀದಿಯ ಹನ್ನೊಂದು ಹೆಂಗಸರು. ಗಾರ್ಮೆಂಟ್ಸಿನವರು, ಮನೆಗೆಲಸದವರು, ಬಿಸಿಯೂಟದವರು. ಎಲ್ಲರೂ ನನ್ನ ಹಾಗೇ, ಹಿಂದೆ ಮುಂದೆ ಯಾರೂ ಇಲ್ಲದವರು. ಒಬ್ಬರು ಆಸ್ಪತ್ರೆ ಸೇರಿದರೆ ಉಳಿದವರು ದಿನ ಹಂಚಿಕೊಂಡು ಕೂರುತ್ತಾರೆ.

"ರಾಗಿ ಕಳೆ ಕೀಳೋಕೆ ಮುಯ್ಯಾಳು ಹೋಗ್ತಿದ್ವಲ್ಲ, ಅದೇ ಕಣಮ್ಮ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹೊಲ ಹೋಯ್ತು ಬುಡು, ಮೈಯಿ ಐತಲ್ಲ."

ಇತಿಹಾಸ ಎಂ.ಎ. ಮಾಡಿದವಳು ನಾನು. ಈಕೆಯ ತಲೆಗೆ ಹೊಳೆದದ್ದು ನನಗೆ ಹದಿನಾಲ್ಕು ವರ್ಷದಲ್ಲಿ ಹೊಳೆಯಲಿಲ್ಲ.

ಫೆಬ್ರವರಿ 20

ಬರೆಯಲು ಕೂರುವಷ್ಟು ಆಗಿದೆ. ಹೊಲಿಗೆ ಎಳೆಯುತ್ತದೆ. ಪಕ್ಕದಲ್ಲಿ ಕಲ್ಲಮ್ಮ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವಾಕೆ. ಮೊನ್ನೆಯವರೆಗೆ ಮುಖಪರಿಚಯವೂ ಇರಲಿಲ್ಲ. ಆಪರೇಷನ್ ದಿನ ಥಿಯೇಟರ್ ಬಾಗಿಲಲ್ಲೇ ನಿಂತಿದ್ದರಂತೆ, ಐದು ಗಂಟೆ. ನರ್ಸ್ ಕೂರಿ ಅಂದರೂ ಕೂರಲಿಲ್ಲವಂತೆ. ನನ್ನ ತಲೆ ಬಾಚುತ್ತಾರೆ, ಬೈಯುತ್ತಾರೆ, ಗಂಜಿ ಕುಡಿಸುತ್ತಾರೆ. ಗಂಜಿಗೆ ಉಪ್ಪು ಜಾಸ್ತಿ. ಮುನ್ನೂರು ಮಕ್ಕಳ ಅಳತೆಯ ಕೈ. ಒಂದು ತೊಟ್ಟು ಬಿಡದೆ ಕುಡಿದೆ.

ಮಾರ್ಚ್ 2

ಮನೆ. ಒಟ್ಟು ಒಂಬತ್ತು ದಿನ, ಆರು ಜನ. ಎಂಥ ಹೆಂಗಸರಪ್ಪಾ ಇವರು! ಒಬ್ಬಾಕೆ ನೈಟ್ ಶಿಫ್ಟ್ ಮುಗಿಸಿ ನೇರ ಬಂದು ಕೂತಿದ್ದರು, ಕಣ್ಣು ಕೆಂಡ.

ರಂಗಲಕ್ಷ್ಮಮ್ಮನವರು ಹೇಳಿದ್ದು ಇಷ್ಟೇ. ಕರೆದಾಗ ಬಾ.

ಆಗಸ್ಟ್ 17

ಕಲ್ಲಮ್ಮ ಶಾಲೆಯ ಅಡಿಗೆಮನೆಯಲ್ಲಿ ಜಾರಿ ಬಿದ್ದಿದ್ದಾರೆ. ಸೊಂಟದ ಆಪರೇಷನ್ ಆಗಿದೆ. ಹತ್ತೊಂಬತ್ತಕ್ಕೆ ನನ್ನ ಪಾಳಿ. ಆಯ್ತು ಅಂದುಬಿಟ್ಟೆ. ಮೇಲೆ ಬಂದು ಮೆಸೇಜ್ ನೋಡಿದರೆ ಅದೇ ದಿನ ನನ್ನ ಡಾಕ್ಯುಮೆಂಟ್ ವೆರಿಫಿಕೇಶನ್. ತಪ್ಪಿಸಿದರೆ ಈ ವರ್ಷದ ಕೆಲಸ ಗೋವಿಂದ. ಕೆಳಗೆ ಹೋಗಿ ಹೇಳಲು ನಾಚಿಕೆ. ಮೊದಲ ಸಲವೇ ಆಗಲ್ಲ ಅನ್ನೋದಾ?

ಏಜೆನ್ಸಿಗೆ ಫೋನ್ ಮಾಡಿ ಹೋಮ್ ನರ್ಸ್ ಗೊತ್ತುಮಾಡಿದೆ. ಟ್ರೈನ್ಡ್ ಹುಡುಗಿ. ನನಗಿಂತ ಚೆನ್ನಾಗೇ ನೋಡಿಕೊಳ್ಳುತ್ತಾಳೆ.

ಆಗಸ್ಟ್ 19. ಸಂಜೆ

ನನ್ನ ಬುದ್ಧಿಗಿಷ್ಟು.

ಕ್ಯೂನಲ್ಲಿದ್ದಾಗಲೇ ಆ ಹುಡುಗಿಯ ಫೋನು. ರಂಗಲಕ್ಷ್ಮಮ್ಮನವರು ಕಾಫಿ ಕೊಡಿಸಿ ವಾಪಸ್ ಕಳಿಸಿದ್ದರು. ಊದಿದ ಮಂಡಿ ಇಟ್ಟುಕೊಂಡು ಇಡೀ ದಿನ ತಾವೇ ಕೂತಿದ್ದರು. ವೆರಿಫಿಕೇಶನ್ ಮುಗಿಸಿ ಓಡಿದೆ. ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮುಯ್ಯಾಳಿಗೆ ಬಾಡಿಗೆ ಆಳು ಕಳಿಸ್ತಾರೇನಮ್ಮ? ಆಗಲ್ಲ ಅಂದಿದ್ರೆ ದಿನ ಬದಲಾಯಿಸ್ತಿದ್ದೆ. ನಾವೆಲ್ಲ ಹಂಗೇ ತಾನೆ ಮಾಡ್ಕೊಳ್ಳೋದು. ನೀನು ಕೇಳ್ಳೇ ಇಲ್ವಲ್ಲ."

ಕಲ್ಲಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆಯೋ ಏನೋ. ನಿದ್ದೆ ಅಲ್ಲ.

ಸೆಪ್ಟೆಂಬರ್ 21

ಒಂದು ತಿಂಗಳಾಯಿತು. ನನ್ನನ್ನು ಯಾರೂ ಕರೆದಿಲ್ಲ. ಕಲ್ಲಮ್ಮನ ಮನೆಗೆ ನಾನೇ ಹೋಗಿ ಬರುತ್ತೇನೆ. ಕೂರು ಅನ್ನುತ್ತಾರೆ, ಟೀ ಕೊಡುತ್ತಾರೆ, ಬಂದವರಿಗೆ ಕೊಟ್ಟ ಹಾಗೆ. ಅದೇ ಚುಚ್ಚುವುದು.

ಕಾಲೇಜಿನ ಲಿಸ್ಟಿನಲ್ಲಿ ಹೆಸರು ಬಂದಿದೆ. ಮಾರ್ಚ್‌ವರೆಗೆ ನಾನೂ ಮನುಷ್ಯಳೇ. ಖುಷಿ ಆಗಬೇಕಿತ್ತು.

ಕೆಳಗೆ ಬಾಡಿಗೆ ಕೊಡಲು ಹೋದಾಗ ಕ್ಯಾಲೆಂಡರ್ ತಿರುವಿದೆ. ಅಕ್ಟೋಬರ್, ನವೆಂಬರ್, ಎಲ್ಲೂ ಮಂಜುಶ್ರೀ ಅನ್ನುವ ನನ್ನ ಹೆಸರಿಲ್ಲ. ಹಿಂದಕ್ಕೂ ತಿರುವಿದೆ. ರಂಗಲಕ್ಷ್ಮಮ್ಮನವರು ಕೂತ ದಿನ ನಲವತ್ತರ ಮೇಲೆ. ಅವರಿಗಾಗಿ ಯಾರಾದರೂ ಕೂತ ದಿನ — ಒಂದೂ ಇಲ್ಲ. ಆ ಮಂಡಿ ಇಟ್ಟುಕೊಂಡು ಒಂದೇ ಒಂದು ದಿನ ಯಾರನ್ನೂ ಕೇಳಿಲ್ಲ ಪುಣ್ಯಾತ್ಗಿತ್ತಿ. ಕೇಳಬೇಕು ಅಂತ ನನಗೆ ಬುದ್ಧಿ ಹೇಳುವಾಕೆ.

ಬಾಯಿಗೆ ಬಂದದ್ದನ್ನು ಅಂದೇಬಿಟ್ಟೆ. ನೀವು ಮಾತ್ರ ಯಾಕಮ್ಮ ಕೇಳೋದಿಲ್ಲ, ಅಂತ. ಪಾತ್ರೆ ತೊಳೆಯುತ್ತಿದ್ದರು. ನಲ್ಲಿ ನಿಲ್ಲಿಸಲಿಲ್ಲ.

ಅಕ್ಟೋಬರ್ 12, ಭಾನುವಾರ. ಸಂಜೆ 5.30

ಮೂರು ವಾರ ಆದ ಮೇಲೆ ಇವತ್ತು ಮೆಟ್ಟಿಲು ಹತ್ತಿ ತಾವೇ ಬಂದರು. ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದು. ಏದುಸಿರು. ಕುರ್ಚಿ ಕೊಟ್ಟೆ. ತುಂಬ ಹೊತ್ತು ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಮಂಡಿ ಆಪರೇಷನ್ ಆಗ್ಬೇಕಂತೆ ಕಣೇ. ಬುಧವಾರ ಬಾ ಅಂದವ್ರೆ. ಮೊದಲ್ನೇ ದಿನ ನೀನು ಕೂರ್ತೀಯಾ?"

ನನ್ನನ್ನು. ಹನ್ನೊಂದು ಜನರಲ್ಲಿ ಮೊದಲು ನನ್ನನ್ನು.

ಹ್ಞೂಂ ಅನ್ನಲು ಬಾಯಿ ತೆರೆದೆ. ಬುಧವಾರ ಕಾಲೇಜಿನಲ್ಲಿ ಇಂಟರ್ನಲ್ಸ್ ಪರೀಕ್ಷೆ. ನಾನೇ ಇನ್ವಿಜಿಲೇಟರ್. ಮತ್ತೆ ಎಲ್ಲ ಕೆಡಿಸಿಕೊಳ್ಳುತ್ತೇನೆ ಅನ್ನಿಸಿತು. ಆದರೂ ಹೇಳಿದೆ. "ಬುಧವಾರ ನಂಗೆ ಆಗಲ್ಲ ಅಮ್ಮ. ಗುರುವಾರ ಆಗುತ್ತಾ?"

ಸೊಂಟದಿಂದ ಫೋನ್ ತೆಗೆದರು, ಕಣ್ಣಿಂದ ದೂರ ಹಿಡಿದು ನಂಬರ್ ಒತ್ತಿದರು, ಅಂಗನವಾಡಿಯ ದನಿಯಲ್ಲಿ ಆಸ್ಪತ್ರೆಯವರಿಗೆ ಹೇಳಿದರು: "ಗುರುವಾರಕ್ಕೆ ಬರ್ಕೊಳಿ. ಬುಧವಾರ ನಮ್ಮ ಹುಡುಗಿಗೆ ಕಾಲೇಜಿದೆ."

ನಲವತ್ತೇಳು ವರ್ಷದ ಹುಡುಗಿ. ನಗು ಬಂತು. ಆಮೇಲೆ ನಗು ಎಲ್ಲಿ ನಿಂತು ಅಳು ಎಲ್ಲಿ ಶುರುವಾಯಿತೋ —