ಗಡಿಯಾರವೋ ಕಿಟಕಿಯೋ

ಜುಲೈ 2, ಬುಧವಾರ

ಕ್ಲೆಲಿಯನ್ನು ಈಜಿಗೆ ಬಿಟ್ಟು, ಕರೆತಂದು, ತಲೆ ಒರೆಸಿ, ಮೀನು ಬೇಯಿಸಿ ಬಡಿಸಿದ್ದಾಯಿತು. ಪಾಲಕ್ ಎಂದಿನಂತೆ ತಟ್ಟೆಯ ಅಂಚಿಗೆ ಹೋಯಿತು. ಮೊಮ್ಮಗಳಿಗೆ ಎಂಟು ವರ್ಷ. ಬುಧವಾರ ಅವಳ ಶಾಲೆಗೆ ರಜೆ. ಆದ್ದರಿಂದ ಐದು ವರ್ಷಗಳಿಂದ ಬುಧವಾರ ನನ್ನದಲ್ಲ. ದೂರುತ್ತಿಲ್ಲ. ಬರೆದಿಡುತ್ತಿದ್ದೇನೆ, ಅಷ್ಟೆ.

ಆರೂವರೆಗೆ ಮರಿಲೀನ್ ಮಗಳನ್ನು ಕರೆದೊಯ್ಯಲು ಬಂದಳು. ಆಸ್ಪತ್ರೆಯ ಬಿಳಿ ಬೂಟು ಕಾಲಲ್ಲೇ ಇತ್ತು. ಮೇಜಿನ ಮೇಲೆ ನಕ್ಷೆ ಹರಡಿತ್ತು — ಮಡಚುವ ಮನಸ್ಸಾಗಲಿಲ್ಲ.

"ಏನಮ್ಮಾ ಇದು?"

"ನಕ್ಷೆ."

"ಅದು ಕಾಣ್ತಾ ಇದೆ. ಯಾರಿಗೆ?"

"ನನಗೆ. ಆಗಸ್ಟ್ ಕೊನೇಲಿ ಹೊರಡ್ತೀನಿ. ಮೊದಲು ಲಿಯೋನ್, ಆಮೇಲೆ ಕ್ಲೆರ್ಮೋಂ, ಆಮೇಲೆ ಕೊಂಬ್ರೆಲ್."

"ಕೊಂಬ್ರೆಲ್ಲಾ?" ನಕ್ಕಳು. "ಅಪ್ಪನ ಕಿಟಕಿ!"

"ಗಡಿಯಾರ," ಎಂದೆ.

ಜುಲೈ 3

ಇದನ್ನು ಸರಿಯಾಗಿ ಬರೆದಿಡಬೇಕು.

ಮೂವತ್ತೊಂದು ಬೇಸಿಗೆ. ಅಮಿಯಾಂನಿಂದ ದಕ್ಷಿಣದ ಸಮುದ್ರಕ್ಕೆ, ಕಾರಿನಲ್ಲಿ. ಸ್ಟೀರಿಂಗ್ ಹಿಡಿದವನು ನನ್ನ ಗಂಡ ರೋಲಾಂ, ಯಾವಾಗಲೂ. ಕ್ಲೆರ್ಮೋಂ ದಾಟಿದ ಮೇಲೆ ಹೆದ್ದಾರಿ ಗುಡ್ಡ ಹತ್ತುತ್ತದೆ. ಎಡಕ್ಕೆ ಕಣಿವೆ, ಕಣಿವೆಯ ಆಚೆ ಹಳ್ಳಿ, ಹಳ್ಳಿಯ ನಡುವೆ ಇಗರ್ಜಿಯ ಗೋಪುರ, ಗೋಪುರದ ಮೇಲೆ ದುಂಡಗೆ ಏನೋ ಒಂದು. ಹನ್ನೆರಡು ಸೆಕೆಂಡು ಕಾಣಿಸುತ್ತದೆ. ಎಣಿಸಿದ್ದೇನೆ.

ನಾನು: ಗಡಿಯಾರ. ಅವನು: ಕಿಟಕಿ. ನಾನು: ನಿಲ್ಲಿಸು, ನೋಡೋಣ. ಅವನು: ಬರುವಾಗ.

ಬರುವಾಗ ದಟ್ಟಣೆ ಇರುತ್ತಿತ್ತು. ಇಲ್ಲವೇ ಬೇರೆ ದಾರಿ ಹಿಡಿಯುತ್ತಿದ್ದ. ಹೋದ ವರ್ಷದ ಚಳಿಗಾಲದಲ್ಲಿ ಅವನೇ ತೀರಿಹೋದ. ಈ ವಸಂತದಲ್ಲಿ ಕಾರು ಮಾರಿದೆವು. ಮರಿಲೀನ್ ತೀರ್ಮಾನಿಸಿದಳು, ನಾನು ಸಹಿ ಹಾಕಿದೆ.

ನಿನ್ನೆ ಅವಳು ಹೊರಡುವಾಗ: "ಅಷ್ಟಕ್ಕೆ ಅಲ್ಲೀತನಕ ಹೋಗ್ಬೇಕಾ? ಫೋನಲ್ಲಿ ಒಂದು ನಿಮಿಷಕ್ಕೆ ತೋರಿಸ್ತೀನಿ, ತಾಳು."

"ತೋರಿಸಿ ನೋಡು. ಫೋನು ಸಾರಿನ ಪಾತ್ರೆಗೆ ಬೀಳುತ್ತೆ."

ಕ್ಲೆಲಿ ಚಪ್ಪಾಳೆ ತಟ್ಟಿದಳು.

ಜುಲೈ 9, ಬುಧವಾರ

ಕೆಳಮನೆಯ ಬೆಲ್ಕಾಸೆಮ್ ಬಂದಿದ್ದರು. ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು. ಪುದೀನ ಚಹಾ ತಾವೇ ತಂದರು — ನನ್ನ ಚಹಾದ ಮೇಲೆ ನಂಬಿಕೆ ಇಲ್ಲ. ವೇಳಾಪಟ್ಟಿಗಳನ್ನು ಇಸ್ಪೀಟಿನ ಎಲೆಗಳಂತೆ ಹರವಿಕೊಂಡು ಕೂತೆವು.

ರೈಲುಗಳೆಲ್ಲ ಸಲೀಸು. ತೊಡಕು ಕೊನೆಯ ಹನ್ನೊಂದು ಕಿಲೋಮೀಟರು. ಮೊರ್ಜಾಕ್ ಪೇಟೆಯಿಂದ ಕೊಂಬ್ರೆಲ್‌ಗೆ ಇರುವುದು ಒಂದೇ ಬಸ್ಸು, ಸಂಜೆ 17.40ಕ್ಕೆ. ದೊಡ್ಡ ಮಕ್ಕಳ ಶಾಲಾ ಬಸ್ಸು, ಅವರಿಗೆ ಬುಧವಾರವೂ ಶಾಲೆ ಇದೆ. ಶಾಲೆಯಿಲ್ಲದ ದಿನ ಬಸ್ಸೂ ಇಲ್ಲ.

"ಅಂದ್ರೆ ಸೆಪ್ಟೆಂಬರ್ ಒಂದಕ್ಕೆ ಮುಂಚೆ ಆಗಲ್ಲ," ಎಂದರು.

"ಬುಧವಾರ, ಮೂರನೇ ತಾರೀಕು ಹೋಗ್ತೀನಿ."

"ಬುಧವಾರವೇ ಯಾಕೆ?"

"ಬುಧವಾರ ಆಗಿರೋದ್ರಿಂದಲೇ."

ಕನ್ನಡಕದ ಮೇಲಿಂದ ನೋಡಿದರು. "ಮಗಳ ಮೇಲಿನ ಸಿಟ್ಟು ಟೈಮ್‌ಟೇಬಲ್ ಮೇಲೆ ತೀರಿಸ್ಬೇಡಿ, ಮದಾಂ ಯುಗೆತ್. ಅದಕ್ಕೆ ಕರುಣೆ ಇಲ್ಲ. ಸಣ್ಣ ಅಕ್ಷರ ಓದಿದ್ರಾ?"

"ಮೂವತ್ತೆರಡು ವರ್ಷ ಪತ್ರಿಕೇಲಿ ಕರಡು ತಿದ್ದಿದವಳನ್ನ ಕೇಳೋ ಪ್ರಶ್ನೆಯೇನ್ರೀ ಅದು?"

"ಕೇಳಿದ್ದು ತಪ್ಪಾಯ್ತು," ಎಂದು ಚಹಾ ಸುರಿದರು.

ಜುಲೈ 13

ಮರಿಲೀನ್ ಫೋನ್. ತಾರೀಕು ಈಗ ಗೊತ್ತಾಗಿದೆ.

"ಶಾಲೆ ಶುರುವಾಗೋ ವಾರಾನೇ? ಅಮ್ಮಾ, ಬೇಕಂತ ಮಾಡ್ತಿದೀಯಾ? ಬುಧವಾರ ಕ್ಲೆಲೀನ ಯಾರ್ ನೋಡ್ಕೋತಾರೆ?"

"ಬಸ್ಸು ಆವಾಗ್ಲೇ ಇರೋದು."

"ಅಕ್ಟೋಬರ್ ರಜೇಲಿ ನಾವೇ ಕಾರಲ್ಲಿ ಕರ್ಕೊಂಡ್ ಹೋಗ್ತೀವಲ್ಲ."

"ಕಾರಲ್ಲಿ ಮೂವತ್ತೊಂದು ಸಲ ಹೋಗಿದೀನಿ."

"ಅಪ್ಪ ಇದ್ದಿದ್ರೆ ಬಿಡ್ತಾ ಇರ್ಲಿಲ್ಲ."

ನಿಜ. ಬಿಡುತ್ತಿರಲಿಲ್ಲ. ನಾನೂ ಹೂಂ ಅನ್ನುತ್ತಿದ್ದೆ. ಅದೇ ಈಗ ಬೇಡವಾಗಿರುವುದು... ಇಷ್ಟನ್ನೂ ಫೋನಿನಲ್ಲಿ ಹೇಳಲಿಲ್ಲ. "ಒಲೆ ಮೇಲೆ ಹಾಲಿದೆ," ಎಂದು ಇಟ್ಟುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆಗಸ್ಟ್ 11

ಊರು ಖಾಲಿ. ನಮ್ಮ ಬೇಕರಿಯವನೂ ಬಾಗಿಲಿಗೆ ಚೀಟಿ ಅಂಟಿಸಿ ಸಮುದ್ರಕ್ಕೆ ಹೋಗಿದ್ದಾನೆ. ಬ್ರೆಡ್ಡಿಗೆ ಮೂರು ಬೀದಿ ನಡೆಯಬೇಕು. ಒಳ್ಳೆಯದೇ. ಕಾಲಿಗೆ ಅಭ್ಯಾಸ.

ಕೊಂಬ್ರೆಲ್‌ನಲ್ಲಿ ಕೋಣೆ ಕಾಯ್ದಿರಿಸಿದ್ದ ಅತಿಥಿಗೃಹಕ್ಕೆ ಫೋನ್ ಮಾಡಿದೆ — ರಾತ್ರಿ ಊಟಕ್ಕೆ ಕರುಳಿನ ಸಾಸೇಜ್ ಬೇಡವೆಂದು ಹೇಳಲು. ಮನೆಯೊಡತಿ ಮದಾಂ ವಿದಲೆಂಕ್. ಗಟ್ಟಿ ದನಿ.

"ಮೂರನೇ ತಾರೀಕಾ? ಇಲ್ವಲ್ಲಮ್ಮ. ನಿಮ್ಮ ಮಗಳು ಫೋನ್ ಮಾಡಿ ಅಕ್ಟೋಬರ್ ಇಪ್ಪತ್ತಕ್ಕೆ ಹಾಕ್ಸಿದಾರೆ. ನಿಮಗೆ ಹುಷಾರಿಲ್ಲ ಅಂದ್ರು."

ನಂಬರು ನನ್ನ ಫ್ರಿಜ್ ಬಾಗಿಲ ಮೇಲೇ ಇತ್ತು. ನಾನೇ ಬರೆದು ಅಂಟಿಸಿದ್ದು. ದುಂಡಗಿನ, ಸ್ಪಷ್ಟ ಅಕ್ಷರದಲ್ಲಿ.

"ಹುಷಾರಾಗೇ ಇದೀನಿ," ಎಂದೆ. "ಮೂರನೇ ತಾರೀಕೇ ಬರೋದು."

"ಆ ಕೋಣೆ ಅಣಬೆ ಹೆಕ್ಕೋರಿಗೆ ಕೊಟ್ಬಿಟ್ಟೆನಲ್ಲ. ಕೋಳಿಗೂಡಿನ ಮೇಲೊಂದು ಅಟ್ಟ ಇದೆ. ಹುಂಜ ನಾಲ್ಕೂವರೆಗೆ ಕೂಗುತ್ತೆ, ಆಮೇಲೆ ನನ್ನ ಬೈಬಾರ್ದು."

"ನಾನು ಏಳೋದು ಐದಕ್ಕೆ. ಅರ್ಧ ಗಂಟೆ ಓದ್ಕೋತೀನಿ."

"ಬನ್ನಿ ಹಾಗಾದ್ರೆ!"

ಗೋಪುರದ ಬಗ್ಗೆ ಕೇಳಲಿಲ್ಲ. ಕೇಳಬಾರದೆಂದು ಮೊದಲೇ ನಿರ್ಧರಿಸಿದ್ದೆ.

ಆಗಸ್ಟ್ 12

ಮರಿಲೀನ್‌ಗೆ ಹೇಳಿದೆ. ಕೂಗಾಡಲಿಲ್ಲ, ಇಬ್ಬರೂ. ಅವಳು ಅತ್ತಳು.

"ಎಪ್ಪತ್ತೆರಡು ನಿನಗೆ. ಗುರುತು ಪರಿಚಯ ಇಲ್ಲದ ಊರಲ್ಲಿ ಬಿದ್ದುಹೋದ್ರೆ ಓಡಿ ಬರ್ಬೇಕಾದೋಳು ಯಾರು? ನಾನು ತಾನೇ?"

ಸರಿಯಾದ ಪ್ರಶ್ನೆ. ಆದರೂ ಕೋಣೆ ರದ್ದು ಮಾಡಲಿಲ್ಲ.

ಮೆಟ್ಟಿಲಲ್ಲಿ ಬೆಲ್ಕಾಸೆಮ್: "ಆ ಬುಧವಾರ ಹುಡುಗೀನ ನನಗೆ ಬಿಡಿ. ಟಿಕೆಟ್ ತೂತು ಮಾಡೋದು ಕಲಿಸ್ತೀನಿ. ಯಂತ್ರ ಇನ್ನೂ ಇದೆ." ಅದನ್ನು ಹಿಂತಿರುಗಿಸಬೇಕಿತ್ತಲ್ಲವೇ ಎಂದರೆ ಕಿವಿ ಕೇಳಿಸದವರಂತೆ ಇಳಿದುಹೋದರು.

ಆಗಸ್ಟ್ 29, ಲಿಯೋನ್

ಎರಡು ನದಿಗಳ ಊರು. ಎರಡನ್ನೂ ನಡೆದೇ ದಾಟಿದೆ. ಊಟಕ್ಕೆ ಕೂತಾಗ ಪರಿಚಾರಕ ಎದುರಿನ ಕುರ್ಚಿ ತೋರಿಸಿ, "ಇನ್ನೊಬ್ಬರು ಬರೋರಿದ್ದಾರಾ?" ಎಂದ.

"ಇಲ್ಲ. ಕುರ್ಚಿ ಇರಲಿ, ಚೀಲಕ್ಕೆ ಬೇಕು."

ಮೀನಿನ ಕಡುಬು, ಕೆನೆಯ ಸಾರು, ಒಂದು ಲೋಟ ಕೆಂಪು ವೈನ್. ಚೀಲದಿಂದ ಹಂಗೇರಿಯನ್ ಕಾದಂಬರಿ ತೆಗೆದು ಓದುತ್ತಾ ಉಂಡೆ. ಅನುವಾದ ಚೆನ್ನಾಗಿದೆ, 114ನೇ ಪುಟದಲ್ಲಿ ಕುದುರೆಯ ಬಣ್ಣ ಬದಲಾಗಿರುವುದೊಂದು ಬಿಟ್ಟರೆ. ರೋಲಾಂ ಊಟದ ಮೇಜಿನಲ್ಲಿ ಪುಸ್ತಕ ತೆಗೆಯಲು ಬಿಡುತ್ತಿರಲಿಲ್ಲ.

ಮರಿಲೀನ್‌ನಿಂದ ಸುದ್ದಿಯಿಲ್ಲ.

ಸೆಪ್ಟೆಂಬರ್ 1, ಕ್ಲೆರ್ಮೋಂ

ಸೋಮವಾರ. ಅಂಗಡಿ, ಮ್ಯೂಸಿಯಂ ಎಲ್ಲ ಮುಚ್ಚಿವೆ. ಗೊತ್ತಿತ್ತು, ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಕಪ್ಪು ಕಲ್ಲಿನ ದೊಡ್ಡ ಇಗರ್ಜಿಯ ಮೆಟ್ಟಿಲ ಮೇಲೆ ಕೂತು ಪೇರಳೆ ತಿಂದೆ. ಎದುರಿನಿಂದ ಹೊಸ ಚೀಲ ಹೊತ್ತ ಮಕ್ಕಳು ಶಾಲೆಯಿಂದ ಬರುತ್ತಿದ್ದರು. ಕ್ಲೆಲಿಯ ಹೊಸ ಚೀಲದ ಬಣ್ಣ ಯಾವುದೋ. ಕೇಳಿಲ್ಲ.

ಸೆಪ್ಟೆಂಬರ್ 3, ಬುಧವಾರ, ಮಧ್ಯಾಹ್ನ 1.10, ಮೊರ್ಜಾಕ್

ಬಸ್ ನಿಲ್ದಾಣದ ಹಲಗೆ. ನಕಲು ಮಾಡುತ್ತಿದ್ದೇನೆ:

"17.40 — ಶಾಲಾ ದಿನಗಳಲ್ಲಿ ಮಾತ್ರ.* *ಬುಧವಾರ 12.35."

ನಾನು ತಂದ ಹಾಳೆಯಲ್ಲೂ ಆ ನಕ್ಷತ್ರ ಚಿಹ್ನೆ ಇದೆ. ವಿವರ ಹಾಳೆಯ ಹಿಂಬದಿಯಲ್ಲಿದೆ. ತಿರುವಿ ನೋಡಿರಲಿಲ್ಲ. ಕರಡು ತಿದ್ದಿದವಳು.

ದೊಡ್ಡ ಮಕ್ಕಳಿಗೆ ಬುಧವಾರ ಅರ್ಧ ದಿನ ಶಾಲೆ. ಮರಿಲೀನ್‌ಗೂ ಹಾಗೇ ಇತ್ತು. ಊಟಕ್ಕೆ ಮನೆಗೆ ಬರುತ್ತಿದ್ದಳು, ಹಸಿದು, ಬಾಗಿಲಿನಿಂದಲೇ ಕೂಗುತ್ತಾ. ಐದು ವರ್ಷದಿಂದ ಬುಧವಾರಗಳಲ್ಲೇ ಬದುಕಿದವಳು ಬುಧವಾರವನ್ನೇ ಮರೆತೆ. ಹಟಕ್ಕೆ ಆರಿಸಿಕೊಂಡ ದಿನ ಬೇರೆ.

ಮುಂದಿನ ಬಸ್ಸು ನಾಳೆ ಸಂಜೆ.

1.25

ಮರಿಲೀನ್ ಫೋನ್ ಮಾಡಿದಳು. ಇದೇ ಗಳಿಗೆಗೆ. ಸುಳ್ಳು ಹೇಳಬಹುದಿತ್ತು. ಹೇಳಿದ್ದು ನಿಜ.

ಬಸ್ಸಿನ ಹೊತ್ತನ್ನು ಎರಡು ಸಲ ಕೇಳಿದಳು. ಆಮೇಲೆ: "ಕ್ಲೆರ್ಮೋಂಗೆ ವಾಪಸ್ ರೈಲಿದೆ ಅಲ್ವಾ? ಹೋಗ್ಬಿಡು ಅಮ್ಮಾ. ನಾವು ಅಕ್ಟೋಬರಲ್ಲಿ ಬರೋಣ. ನಗಲ್ಲ ನಾನು, ಆಣೆ."

ಮೃದುವಾಗಿ ಹೇಳಿದಳು. ಅದೇ ಕಷ್ಟ. ಕೂಗಿದ್ದರೆ ಸುಲಭವಿತ್ತು.

"ಹನ್ನೊಂದೇ ಕಿಲೋಮೀಟರು," ಎಂದೆ.

"ಅಮ್ಮಾ!"

"ದಾರೀಲಿ ಫೋನ್ ತೆಗೀತೀನಿ. ನೀನು ಮಾಡಿದಾಗೆಲ್ಲ. ಮಾತು ಕೊಟ್ಟೆ."

ಚಕ್ರದ ಪೆಟ್ಟಿಗೆ. ನೀರು. ಎರಡು ಪೇರಳೆ. ಹೊರಟೆ.

3.05, ರಸ್ತೆ ಬದಿಯ ಕಟ್ಟೆ

ಪೆಟ್ಟಿಗೆಯ ಒಂದು ಚಕ್ರ ಹೋಯಿತು. ಹಿಮ್ಮಡಿಯಲ್ಲಿ ಬೊಕ್ಕೆ. ಮರಿಲೀನ್ ಎರಡು ಸಲ ಮಾಡಿದಳು, ಎರಡು ಸಲವೂ ತೆಗೆದೆ.

ಬಿಳಿ ವ್ಯಾನೊಂದು ನಿಂತಿತು. ಹಿಂದೆ ಚೀಸಿನ ಡಬ್ಬಿಗಳು. ಮುದುಕ, ತಲೆಗೆ ಟೊಪ್ಪಿ.

"ಹತ್ತಮ್ಮಾ. ಕೊಂಬ್ರೆಲ್‌ಗೆ ತಾನೇ? ಈ ರಸ್ತೆ ಇನ್ನೆಲ್ಲಿಗೂ ಹೋಗಲ್ಲ."

"ಪೆಟ್ಟಿಗೆ ಹತ್ತಲಿ. ಮದಾಂ ವಿದಲೆಂಕ್ ಮನೇಲಿ ಇಳಿಸಿಬಿಡಿ. ನಾನು ನಡೀತೀನಿ."

"ಕಾಲು ಕುಂಟ್ತಾ ಇದೆ. ಪ್ಯಾರಿಸ್‌ನೋರಾ?"

"ಅಮಿಯಾಂ."

"ಅದಕ್ಕಿಂತ್ಲೂ ಉತ್ತರಕ್ಕೆ! ಅಲ್ಲಿ ಎಲ್ರೂ ಹಿಂಗೇನಾ?"

"ನಾನೊಬ್ಬಳೇ. ಮೂವತ್ತೊಂದು ವರ್ಷ ಈ ಊರನ್ನ ಕಾರಲ್ಲಿ ಕೂತು ದಾಟಿದೀನಿ. ಇವತ್ತು ಕೂರಲ್ಲ."

ತಲೆಯಾಡಿಸಿ ಪೆಟ್ಟಿಗೆ ಎತ್ತಿಹಾಕಿದ. ಗೋಪುರದ ಪ್ರಶ್ನೆ ತುಟಿಯವರೆಗೆ ಬಂತು. ನುಂಗಿದೆ.

3.50

ಕಣಿವೆಯ ಆಚೆ ಹೆದ್ದಾರಿ. ಇಷ್ಟು ಸಣ್ಣದೇ? ಕಾರುಗಳು ಇರುವೆಯಂತೆ ಹೋಗುತ್ತಿವೆ. ಒಂದನ್ನು ಹಿಡಿದು ಎಣಿಸಿದೆ. ಮರೆಯಾಗಲು ಹನ್ನೆರಡು ಸೆಕೆಂಡು. ಒಳಗೆ ಯಾರಾದರೂ ಈ ಕಡೆ ಬೆರಳು ತೋರಿಸಿರಬಹುದು. ಕೈ ಬೀಸಿದೆ.

ಹಳ್ಳಿ ಇನ್ನೂ ಕಾಣುತ್ತಿಲ್ಲ. ಮುಂದೆ ದಟ್ಟ ಮರಗಳು, ಒಂದು ತಿರುವು. ಮೈಲಿಗಲ್ಲಿನ ಮೇಲೆ ಕೂತು ಬೊಕ್ಕೆಗೆ ಕರವಸ್ತ್ರ ಕಟ್ಟಿಕೊಂಡೆ.

4

ಗಂಟೆಯ ಸದ್ದು. ಮರಗಳ ಆಚೆಯಿಂದ.

ನಾಲ್ಕು ಹೊಡೆಯಿತು. ಅಥವಾ ಮೂರು... ಎದೆಬಡಿತವೂ ಸೇರಿಹೋಯಿತೇನೋ. ಸುಮ್ಮನೆ ಯಾರೋ ಹಗ್ಗ ಜಗ್ಗಿದ್ದೂ ಇರಬಹುದು. ಖಚಿತವಿಲ್ಲದ್ದನ್ನು ಬರೆಯಬಾರದು.

ಎರಡು ನಿಮಿಷ ಉಸಿರು ಹಿಡಿದು ಕೂತೆ. ಮತ್ತೆ ಹೊಡೆಯಿತು. ಹಳ್ಳಿಯ ಗಡಿಯಾರಗಳು ಹೀಗೆಯೇ, ಹೊಲದಲ್ಲಿ ಎಣಿಕೆ ತಪ್ಪಿದವರಿಗಾಗಿ ಇನ್ನೊಮ್ಮೆ ಹೊಡೆಯುತ್ತವೆ. ಒಂದು. ಎರಡು. ಮೂರು. ನಾಲ್ಕು.

ಕಿಟಕಿ ಗಂಟೆ ಹೊಡೆಯುವುದಿಲ್ಲ, ರೋಲಾಂ.

ಒಂದೇ ತಿರುವು. ಹೋಗಿ ಕಣ್ಣಾರೆ — ಫೋನ್. ಮರಿಲೀನ್. ಮಾತು ಕೊಟ್ಟಿದ್ದೇನೆ. ಈ ಸಲ ನಾನೇ ಮೊದಲು ಹೇಳಿಬಿಡುತ್ತೇನೆ: ಗಡಿಯಾರ.